ಕರುವಿನ ಪಾಲು

ಕಳೆದ ವರ್ಷ ಜೂನ್ ತಿಂಗಳ ಒಂದು ಮಧ್ಯಾಹ್ನ, ಪುಣೆಯ ಆಫೀಸಿನಲ್ಲಿ ಮೀಟಿಂಗೊಂದರ ನಡುವೆ ಕೂತಿದ್ದಾಗ ಅಣ್ಣ ವಾಟ್ಸ್ಯಾಪಿನಲ್ಲಿ ನಾಲ್ಕು ಫೋಟೊ ಕಳಿಸಿದ. ಮೊದಲನೆಯದು ಕೆಂಪು ರಬ್ಬರ್ ನಿಪ್ಪಲ್ ಇರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಎರಡನೆಯದು ಸಾದಾ ಸ್ಟೀಲ್ ಬಕೆಟ್ಟು. ಮೂರನೆಯದು ತಳದ ಹತ್ತಿರ ಒಂದು ನಿಪ್ಪಲ್ ಕೂರಿಸಿದ, ಬೇಲಿಗೆ ತೂಗುಹಾಕುವ ಬಕೆಟ್ಟು. ನಾಲ್ಕನೆಯದು ಐದು ನಿಪ್ಪಲ್ ಸಾಲಾಗಿರುವ ಉದ್ದನೆಯ ತೊಟ್ಟಿ. ಐದು ಕರು ಒಟ್ಟಿಗೇ ನಿಂತು ಕುಡಿಯುವಂಥದ್ದು. ಕೆಳಗೆ ಒಂದೇ ಸಾಲು: ‘ಯಾವುದು ತರಿಸಲಿ? ನೀನೇ ಹೇಳು.’

ನನ್ನನ್ನು ಕೇಳಿದ್ದಕ್ಕೆ ಕಾರಣವಿತ್ತು. ಚನ್ನರಾಯಪಟ್ಟಣ ತಾಲೂಕಿನ ನಮ್ಮ ಊರಲ್ಲಿ ಅಣ್ಣ ಒಂಬತ್ತು ಹಸು ಕಟ್ಟಿದ್ದಾನೆ. ಎಲ್ಲವೂ ಎಚ್‌ಎಫ್ ಮಿಶ್ರತಳಿ. ಕೊಟ್ಟಿಗೆಗೆ ಶೀಟು ಹಾಕಿಸುವಾಗ ನಾನೂ ಒಂದಷ್ಟು ದುಡ್ಡು ಹಾಕಿದ್ದೆ. ಅಂದಿನಿಂದ ಆ ಕೊಟ್ಟಿಗೆಯ ವಿಷಯದಲ್ಲಿ ನನಗೊಂದು ಮತವಿದೆ ಎಂದು ಅವನೂ ತಿಳಿದಿದ್ದಾನೆ, ನಾನೂ ತಿಳಿದಿದ್ದೇನೆ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಐದು ಹಸು ಕರು ಹಾಕುವುದಿತ್ತು. ಸಂಜೆ ಕ್ಯಾಬಿನಲ್ಲಿ ಮನೆಗೆ ಹೋಗುವಷ್ಟರಲ್ಲಿ ಓದಿ ಹೇಳಿಬಿಡೋಣ ಅಂದುಕೊಂಡೆ. ಮಿಕ್ಸಿ, ವಾಷಿಂಗ್ ಮಷಿನ್ ಆರಿಸುವುದನ್ನೆಲ್ಲ ಹಾಗೇ ಮಾಡಿದವಳು ನಾನು. ಆದರೆ ಈ ಉತ್ತರ ಕೊಡಲು ಎರಡು ತಿಂಗಳು ಹಿಡಿಯಿತು, ಕೊಟ್ಟಾಗ ಅದು ನನ್ನ ಉತ್ತರವಾಗಿರಲಿಲ್ಲ.

ಮೊದಲ ಅಡ್ಡಿ ಅವ್ವನಿಂದ ಬಂತು. ಆ ರಾತ್ರಿ ಫೋನ್ ಮಾಡಿದಾಗ, ‘ನಾಲ್ಕರಲ್ಲಿ ಯಾವುದೂ ಬ್ಯಾಡ ಅನ್ನು. ತಾಯಿ ಬದುಕಿದ್ದಂಗೇ ಕರೂನ ತಬ್ಬಲಿ ಮಾಡ್ತಾರಂತೆ, ಕೇಳಿದ್ಯಾ?’ ಅಂದಳು. ಕನ್ನಡದಲ್ಲಿ ಈ ಮಾತು ಎಲ್ಲಿಂದ ಬರುತ್ತದೆಂದು ಹೇಳಬೇಕಾಗಿಲ್ಲ. ಪುಣ್ಯಕೋಟಿ ಹುಲಿಯನ್ನು ಕೇಳಿದ್ದು ಬೇರೇನನ್ನೂ ಅಲ್ಲ, ಕರುವಿಗೆ ಒಂದು ಸಲ ಹಾಲು ಕೊಟ್ಟು ಬರುವಷ್ಟು ಹೊತ್ತನ್ನು. ಶಾಲೆಯಲ್ಲಿ ನಮಗೆ ಅದನ್ನು ಸತ್ಯದ ಪಾಠವೆಂದು ಕಲಿಸಿದರು. ನನಗೆ ಮಾತ್ರ ಮೊದಲಿಂದಲೂ ಅದು ಹೊಟ್ಟೆ ಹಸಿದ ಕರುವಿನ ಕಥೆ. ನಮ್ಮ ತಾಲೂಕಿನವರೇ ಆದ ಭೈರಪ್ಪನವರು 1968ರಲ್ಲಿ ಆ ಹಾಡಿನಿಂದಲೇ ಹೆಸರು ತೆಗೆದುಕೊಂಡು ಕಾದಂಬರಿ ಬರೆದ ಮೇಲಂತೂ, ನಮ್ಮ ಕಡೆ ಹಸುವಿನ ಬಗ್ಗೆ ಯಾರು ಬಾಯಿ ತೆಗೆದರೂ ಎರಡೇ ಪಕ್ಷ: ಒಂದು ಪೂಜೆಯ ಪಕ್ಷ, ಇನ್ನೊಂದು ಉಪಯೋಗದ ಪಕ್ಷ. ನನಗೆ ಬೇಕಾಗಿದ್ದ ಉತ್ತರ ಎರಡರಲ್ಲೂ ಇರಲಿಲ್ಲ. ಕರುವಿಗೆ ದಿನಕ್ಕೆ ಎಷ್ಟು ಲೀಟರ್, ಅದನ್ನು ಯಾರು ಕುಡಿಸಬೇಕು ಎಂದು ಪೂಜೆಯವರೂ ಹೇಳುವುದಿಲ್ಲ, ಉಪಯೋಗದವರು ಹೇಳಿದರೂ ಅದು ಅವರ ಲೆಕ್ಕ.

ಆದರೂ ಮನಸ್ಸು ಅವ್ವನ ಕಡೆಗೇ ವಾಲಿತ್ತು. ಕರು ತಾಯಿಯ ಮೊಲೆಗೆ ಬಾಯಿ ಹಾಕುವುದು ಸಹಜ, ರಬ್ಬರ್ ನಿಪ್ಪಲ್ ಅಸಹಜ, ಸಹಜವಾದದ್ದು ಒಳ್ಳೆಯದು. ಊರು ಬಿಟ್ಟು ಹದಿನೇಳು ವರ್ಷವಾದವಳಿಗೆ ಈ ವಾದ ಬಹಳ ಹಿತವಾಗಿರುತ್ತದೆ. ಹಾಗಾಗಿಯೇ ಅದರ ಮೇಲೆ ಸ್ವಲ್ಪ ಅನುಮಾನವೂ ಬಂತು. ಚಿಕ್ಕಂದಿನ ಕೊಟ್ಟಿಗೆಯನ್ನು ನೆನಪಿಸಿಕೊಳ್ಳುತ್ತಾ ಕೂತೆ.

ನೆನಪಾದದ್ದು ಹೀಗೆ. ಬೆಳಗಿನ ಜಾವ ಅವ್ವ ಚೆಂಬು ಹಿಡಿದು ಕೂರುವಳು. ನಾನು ಕರುವಿನ ಕಣ್ಣಿ ಬಿಚ್ಚುವವಳು. ಕರು ನುಗ್ಗಿ ಹೋಗಿ ಕೆಚ್ಚಲಿಗೆ ಗುಮ್ಮಿ ನಾಲ್ಕು ಗುಟುಕು ಎಳೆಯುವಷ್ಟರಲ್ಲಿ ಹಸು ಹಾಲು ಇಳಿಸುತ್ತಿತ್ತು. ಇಳಿಸಿದ ತಕ್ಷಣ ‘ಎಳಿಯೇ, ಎಳಿಯೇ’ ಎಂದು ಅವ್ವ ಕೂಗುವಳು, ನಾನು ಕಣ್ಣಿ ಜಗ್ಗಿ ಕರುವನ್ನು ತಾಯಿಯ ಮುಂಗಾಲಿಗೆ ಕಟ್ಟುತ್ತಿದ್ದೆ. ಅದರ ಬಾಯಿಯ ಸುತ್ತ ನೊರೆ ಇರುತ್ತಿತ್ತು. ಎರಡು ಮೊಲೆ ಮನೆಗೆ, ಎರಡು ಕರುವಿಗೆ ಎಂಬುದು ಬಾಯಿಮಾತಿನ ಕಾನೂನು. ನೆಂಟರು ಬಂದ ದಿನ ಮೂರನೆಯದಕ್ಕೂ ಕೈ ಹೋಗುತ್ತಿತ್ತು. ಅಳೆದು ನೋಡಿದವರಿಲ್ಲ, ಅಳೆಯುವ ಉಪಾಯವೂ ಇರಲಿಲ್ಲ. ಕರು ಅಲ್ಲಿ ಬೀಗಕ್ಕೆ ಹಾಕುವ ಕೀಲಿಕೈಯಂತೆ ಬಳಕೆಯಾಗುತ್ತಿತ್ತು, ಅಷ್ಟೆ. ಕರು ಸತ್ತರೆ ಅದರ ಚರ್ಮದೊಳಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರಂತೆ. ಅದನ್ನು ನೆಕ್ಕುತ್ತಾ ಹಸು ಹಾಲು ಇಳಿಸುತ್ತಿತ್ತಂತೆ. ನಾನು ನೋಡಿಲ್ಲ, ಅಜ್ಜಿ ಹೇಳುತ್ತಿದ್ದಳು.

ಇನ್ನು ಗಿಣ್ಣು. ಕರು ಹಾಕಿದ ಮನೆಯಿಂದ ಓಣಿಗೆಲ್ಲ ಗಿಣ್ಣು ಹಂಚುವುದು ನಮ್ಮಲ್ಲಿ ದೊಡ್ಡತನದ ಕೆಲಸ. ಏಲಕ್ಕಿ, ಬೆಲ್ಲ ಹಾಕಿ ಬೇಯಿಸಿದ ಆ ರುಚಿಗೆ ಪುಣೆಯಲ್ಲಿ ಕೂತು ಬಾಯಿ ನೀರೂರಿಸಿಕೊಂಡವಳೇ ನಾನೂ. ಇಲ್ಲಿ ಅದಕ್ಕೆ ಖರ್ವಸ್ ಅನ್ನುತ್ತಾರೆ, ಸ್ವೀಟ್ ಅಂಗಡಿಯಲ್ಲಿ ಸಿಗುತ್ತದೆ. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಸಾಕಷ್ಟು ಮಟ್ಟಿಗೆ ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ದಾಟುತ್ತದೆ. ಕರುವಿಗೆ ಹಾಗೆ ದಾಟುವುದಿಲ್ಲ. ಅದು ಹುಟ್ಟುವಾಗ ಬರಿಗೈ. ಆ ಶಕ್ತಿಯೆಲ್ಲ ಗಿಣ್ಣು ಹಾಲಿನಲ್ಲಿರುತ್ತದೆ, ಮತ್ತು ಕರುವಿನ ಕರುಳು ಅದನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಗಂಟೆಗಂಟೆಗೂ ಬಾಗಿಲು ಮುಚ್ಚುತ್ತಾ ಹೋಗಿ ಒಂದು ದಿನದೊಳಗೆ ಪೂರ್ತಿ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಕಸ ಬೀಳುವವರೆಗೂ ಕರುವಿಗೆ ಗಿಣ್ಣು ಕುಡಿಸಬಾರದೆಂಬ ನಂಬಿಕೆಯಿತ್ತು. ಎಷ್ಟೋ ಸಲ ಅರ್ಧ ದಿನ ಕಳೆಯುತ್ತಿತ್ತು. ಹತ್ತು ದಿನದ ಮೇಲೆ ಕರು ಬೇಧಿಯಾಗಿ ಸತ್ತರೆ ದೃಷ್ಟಿಯಾಯಿತು ಅನ್ನುತ್ತಿದ್ದೆವು. ತಾಯಿಯ ಬಳಿಯೇ ಇದ್ದ ಕರುಗಳವು. ಸಹಜದ ಪಕ್ಷದಲ್ಲಿ ನಿಲ್ಲುವುದು ಅಷ್ಟು ಸುಲಭವಲ್ಲ ಅನ್ನಿಸತೊಡಗಿತು.

ಇನ್ನೊಂದು ಕಡೆಯಿಂದ ಓದಿದಾಗ ಬಕೆಟ್ಟಿನ ಪಕ್ಷವೂ ಕುಸಿಯಿತು. ಕರುವಿಗೂ ಹೊಟ್ಟೆಯ ನಾಲ್ಕು ಭಾಗಗಳಿರುತ್ತವೆ, ಆದರೆ ಮೊದಲ ವಾರಗಳಲ್ಲಿ ಕೆಲಸ ಮಾಡುವುದು ನಾಲ್ಕನೆಯದು. ಕತ್ತು ಮುಂದಕ್ಕೆ ಚಾಚಿ ಚೀಪುವಾಗ ಅನ್ನನಾಳದ ಕೊನೆಯಲ್ಲಿ ಒಂದು ಮಡಿಕೆ ಮುಚ್ಚಿಕೊಂಡು ಕೊಳವೆಯಂತಾಗಿ, ಹಾಲು ಮೊದಲ ಮೂರನ್ನು ಬಿಟ್ಟು ನೇರ ನಾಲ್ಕನೆಯದಕ್ಕೆ ಇಳಿಯುತ್ತದೆ. ಬಕೆಟ್ಟಿಗೆ ತಲೆ ಬಗ್ಗಿಸಿ ಗಟಗಟ ಕುಡಿದಾಗ ಒಮ್ಮೊಮ್ಮೆ ಆ ಮಡಿಕೆ ಸರಿಯಾಗಿ ಮುಚ್ಚದೆ ಹಾಲು ಮೊದಲ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಅದಲ್ಲದೆ ಬಕೆಟ್ಟಿನಲ್ಲಿ ಎರಡು ನಿಮಿಷಕ್ಕೆ ಹಾಲು ಖಾಲಿ. ಚೀಪುವ ಆಸೆ ಖಾಲಿಯಾಗಿರುವುದಿಲ್ಲ. ಆಗ ಕರುಗಳು ಒಂದರ ಕಿವಿ, ಹೊಕ್ಕಳು ಇನ್ನೊಂದು ಚೀಪುತ್ತಾ ನಿಲ್ಲುತ್ತವೆ. ಐದು ನಿಪ್ಪಲ್ಲಿನ ತೊಟ್ಟಿಯಲ್ಲಿ ಚೀಪುವುದೇನೋ ಆಗುತ್ತದೆ, ಆದರೆ ಬಲಿಷ್ಠ ಕರು ತನ್ನದನ್ನು ಮುಗಿಸಿ ಪಕ್ಕದ್ದನ್ನು ತಳ್ಳುತ್ತದೆ; ಯಾವುದು ಎಷ್ಟು ಕುಡಿಯಿತೆಂದು ಸಂಜೆ ಯಾರೂ ಹೇಳಲಾರರು. ವಿದೇಶದ ದೊಡ್ಡ ಫಾರಂಗಳಲ್ಲಿ ಕಿವಿಯ ಟ್ಯಾಗ್ ಓದಿ ಆಯಾ ಕರುವಿನ ಪಾಲನ್ನು ಬೆಚ್ಚಗೆ ಮಾಡಿ ಕೊಡುವ ಯಂತ್ರಗಳಿವೆ. ಅವು ನಮ್ಮ ಒಂಬತ್ತು ಹಸುವಿನ ಲೆಕ್ಕಕ್ಕೆ ಬರುವುದಿಲ್ಲ.

ಹೀಗೆ ಬಾಟಲಿಗೆ ಬಂದು ನಿಂತೆ. ಒಂದು ಕರು, ಒಂದು ಬಾಟಲಿ, ಅಳತೆಯ ಗೆರೆ. ಒಂದು ಎಕ್ಸೆಲ್ ಶೀಟು ಮಾಡಿದೆ (ವೃತ್ತಿದೋಷ). ಅಣ್ಣ ಯಾರಿಂದಲೋ ತಂದ ಪಟ್ಟಿಯಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗ ಹಾಲು ಎಂದಿತ್ತು: 30 ಕೆಜಿ ಕರುವಿಗೆ ದಿನಕ್ಕೆ 3 ಲೀಟರ್. ಈಚೆಗೆ ಅದು ಸಾಲದು, ಅದರ ಎರಡು ಪಟ್ಟಿನ ತನಕ ಕೊಡಬೇಕು ಅನ್ನುವವರೇ ಹೆಚ್ಚು. ತಾಯಿಯ ಜೊತೆ ಬಿಟ್ಟ ಕರು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ 8–10 ಲೀಟರ್ ಕುಡಿಯಬಲ್ಲದು. ಹಾಗಾದರೆ ಹತ್ತನೇ ಒಂದು ಭಾಗ ಎಲ್ಲಿಂದ ಬಂತು? ಹಾಲು ಕಡಿಮೆಯಾದರೆ ಕರು ಬೇಗ ಒಣ ಆಹಾರಕ್ಕೆ ಬಾಯಿ ಹಾಕುತ್ತದೆ, ಹಾಲು ಡೈರಿಗೆ ಉಳಿಯುತ್ತದೆ ಎಂಬ ಲೆಕ್ಕದಿಂದ. ಲೆಕ್ಕ ಸುಳ್ಳಲ್ಲ. ಅದರಲ್ಲಿ ಕರುವಿನ ಹಸಿವಿಗೆ ಮಾತ್ರ ಒಂದು ಕಾಲಮ್ ಇರಲಿಲ್ಲ. ನಾನು 6 ಲೀಟರ್ ಎಂದು ಬರೆದೆ. ಅಣ್ಣನಿಗೆ ಡೈರಿಯಲ್ಲಿ ಫ್ಯಾಟ್ ನೋಡಿ ಲೀಟರಿಗೆ 35 ರೂಪಾಯಿಯ ಆಸುಪಾಸು ಸಿಗುತ್ತದೆ. ದಿನಕ್ಕೆ 210 ರೂಪಾಯಿ, 60 ದಿನಕ್ಕೆ 12,600. ಒಂದು ಕರುವಿಗೆ.

ಶೀಟು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಫೋನು: ‘ಹೆಣ್ಣುಕರಾದ್ರೆ ಸರಿ ಕಣವ್ವ. ಗಂಡು ಹುಟ್ಟಿದ್ರೆ?’

ಇಲ್ಲಿ ನಾನು ಹಿಂದಿನ ವರ್ಷದ ಮಾತು ಹೇಳಬೇಕು. ಏಪ್ರಿಲ್‌ನಲ್ಲಿ ಜಾತ್ರೆಗೆಂದು ಊರಿಗೆ ಹೋಗಿದ್ದೆವು. ಹುಲ್ಲಿನ ಮೆದೆಯ ಹಿಂದೆ ಒಂದು ಗಂಡುಕರು ಕಟ್ಟಿದ್ದರು. ಎರಡು ವಾರದ್ದಿರಬೇಕು. ಕೂದಲು ಒರಟಾಗಿ ಎದ್ದಿತ್ತು, ಸೊಂಟದ ಮೂಳೆ ಕಾಣುತ್ತಿತ್ತು. ಆರು ವರ್ಷದ ನನ್ನ ಮಗಳು ಕೈ ಚಾಚಿದರೆ ಬೆರಳುಗಳನ್ನೇ ಬಾಯಿಗೆ ತೆಗೆದುಕೊಂಡು ಚೀಪಿತು. ಅವಳು ಎರಡು ದಿನ ಅದರ ಹತ್ತಿರವೇ ಇದ್ದಳು. ಆ ಕರುವಿಗೆ ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಮಷಿನ್ನಿನಿಂದ ಹಾಲು ಕರೆಯಲು ಶುರು ಮಾಡಿದ ಮೇಲೆ ಹಾಲು ಇಳಿಸಲು ಕರು ಬೇಕಾಗಿರಲಿಲ್ಲ. ಮಿಕ್ಕಿದ ಹಾಲನ್ನು ಬಕೆಟ್ಟಿನಲ್ಲಿ ಇಡುತ್ತಿದ್ದರು. ಹೆಣ್ಣುಕರುವಿಗೆ ಮೊದಲು, ಗಂಡಿಗೆ ಆಮೇಲೆ, ಸಾಲದಿದ್ದರೆ ಒಂದು ಚೊಂಬು ನೀರು ಬೆರೆಸಿ. ನಾನು ನೋಡಿದೆ. ನನಗೆ ಅರ್ಥವಾಯಿತು. ಜಾತ್ರೆಯ ಗಡಿಬಿಡಿಯಲ್ಲಿ ಏನೂ ಹೇಳಲಿಲ್ಲ. ಪುಣೆಗೆ ಬಂದು ವಾರದ ಮೇಲೆ ಮಗಳು ವಿಡಿಯೊ ಕಾಲಿನಲ್ಲಿ ಕರು ತೋರಿಸು ಅಂದಾಗ ಅಣ್ಣ, ‘ಅದು ಹೋಯ್ತು ಪುಟ್ಟಾ’ ಅಂದ. ಎಲ್ಲಿಗೆ ಹೋಯಿತು ಎಂದು ಅವಳು ಕೇಳಿದಳು. ಹುಷಾರಿರಲಿಲ್ಲ ಅಂದೆ.

ಅದನ್ನು ಕೊಂದವರು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅಣ್ಣ ಕೆಟ್ಟವನಲ್ಲ, ಒಂದು ಹಸು ಕಾಲು ಜಾರಿ ಬಿದ್ದಾಗ ಮೂರು ರಾತ್ರಿ ಅದರ ಪಕ್ಕ ಮಲಗಿದವನು. ಅಳತೆಯಿಲ್ಲದ ಬಕೆಟ್ಟಿನಿಂದಾಗಿ ಆ ಸಾವಿಗೊಂದು ದಿನಾಂಕವಿರಲಿಲ್ಲ, ತೀರ್ಮಾನವೂ ಇರಲಿಲ್ಲ. ಇವತ್ತಿನಿಂದ ಹಾಲು ಕೊಡುವುದಿಲ್ಲ ಎಂದು ಯಾರೂ ಯಾವ ದಿನವೂ ನಿಶ್ಚಯಿಸಲಿಲ್ಲ. ಬಾಟಲಿಯಿದ್ದಿದ್ದರೆ ಯಾರಾದರೂ ಒಬ್ಬರು ಒಂದು ಬೆಳಿಗ್ಗೆ ಅದನ್ನು ಅರ್ಧಕ್ಕೇ ತುಂಬಿಸಬೇಕಾಗುತ್ತಿತ್ತು, ಮತ್ತು ತುಂಬಿಸುವಾಗ ಆ ಗೆರೆ ಕಣ್ಣಿಗೆ ಬೀಳುತ್ತಿತ್ತು.

ವಿಚಿತ್ರವೆಂದರೆ ನಮ್ಮ ಅಜ್ಜನ ಕಾಲದಲ್ಲಿ ಇದೆಲ್ಲ ತಲೆಕೆಳಗಾಗಿತ್ತು. ಆಗ ಮನೆಯಲ್ಲಿದ್ದವು ಹಳ್ಳಿಕಾರ್ ಹಸುಗಳು. ಹೋರಿಗರು ಹುಟ್ಟಿದರೆ ಅದಕ್ಕೇ ಹಾಲೆಲ್ಲ. ಮನೆಯ ಮಕ್ಕಳಿಗೆ ಮಜ್ಜಿಗೆ. ಜೋಡಿ ಎತ್ತು ಜಾತ್ರೆಯಲ್ಲಿ ಬೆಲೆ ಬಾಳುತ್ತಿತ್ತು, ಗದ್ದೆ ಉಳಬೇಕಿತ್ತು, ಗಾಡಿ ಎಳೆಯಬೇಕಿತ್ತು. ಹೆಣ್ಣುಕರುವಿಗೆ ಮಿಕ್ಕಿದ್ದು. ಟ್ರ್ಯಾಕ್ಟರು, ಟಿಲ್ಲರು ಬಂದವು, ಡೈರಿ ಬಂತು, ಅದೇ ಕೊಟ್ಟಿಗೆಯಲ್ಲಿ ಅದೇ ಮನೆಯವರ ಪ್ರೀತಿ ಮಗ್ಗುಲು ಬದಲಾಯಿಸಿತು. ಕರುವಿನ ಮೇಲಿನ ಅಕ್ಕರೆ ನಮ್ಮ ರಕ್ತದಲ್ಲೇ ಇದೆ ಎಂದು ಕನ್ನಡ ರಾಜ್ಯೋತ್ಸವದ ಭಾಷಣದಲ್ಲಿ ಯಾರಾದರೂ ಹೇಳಿದಾಗ ನನಗೆ ಈಗ ಈ ವಿಷಯ ನೆನಪಾಗುತ್ತದೆ. ಕಾನೂನಂತೂ ಬಿಗಿಯಾಗಿಯೇ ಇದೆ. 1964ರ ಕಾಯ್ದೆಯಲ್ಲೂ ಕರುವನ್ನು ಕಡಿಯುವಂತಿರಲಿಲ್ಲ, 2021ರಿಂದ ಜಾರಿಯಲ್ಲಿರುವುದು ಎತ್ತು, ಹೋರಿಗಳಿಗೂ ಹಬ್ಬಿದೆ. ಕಡಿಯಬಾರದೆಂದು ಕಾನೂನು ಹೇಳಬಹುದು. ದಿನಕ್ಕೆ 6 ಲೀಟರ್ ಕುಡಿಸು ಎಂದು ಹೇಳಲು ಯಾವ ಕಾನೂನಿಗೂ ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಹೆಣ್ಣೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿಯೂ ಈಗ ಸಿಗುತ್ತದೆ. ಅಣ್ಣ ಎರಡು ಹಸುವಿಗೆ ಹಾಕಿಸಿದ್ದ. ಅದು ಗಂಡುಕರುವಿನ ಪ್ರಶ್ನೆಗೆ ಉತ್ತರವೋ, ಪ್ರಶ್ನೆಯೇ ಹುಟ್ಟದಂತೆ ನೋಡಿಕೊಳ್ಳುವ ಉಪಾಯವೋ, ನಾನಂತೂ ಅದಕ್ಕೆ ವಿರೋಧ ಹೇಳಲಿಲ್ಲ.

‘ಗಂಡುಕರು ಹುಟ್ಟಿದರೆ ಅದರ ಹಾಲಿನ ದುಡ್ಡು ನಾನು ಕೊಡ್ತೀನಿ ಅಣ್ಣ’ ಅಂದೆ. 12,600 ನನಗೆ ದೊಡ್ಡ ಮೊತ್ತವಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಂದ್ರೆ ನಾನು ನನ್ನ ಕರೀಗೆ ಹಾಲು ಕುಡಿಸಕ್ಕೆ ನಿನ್ನತ್ರ ಕೂಲಿ ಇಸ್ಕೊಂಡಂಗೆ’ ಅಂದ. ಸಿಟ್ಟಿನಲ್ಲಿ ಹೇಳಲಿಲ್ಲ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ದುಡ್ಡು ಕೊಟ್ಟು ನಾನು ಕೊಳ್ಳಲು ಹೊರಟಿದ್ದು ಕರುವಿನ ಹಾಲನ್ನೋ, ಆ ಏಪ್ರಿಲ್ ತಿಂಗಳಿನಿಂದ ಬಿಡುಗಡೆಯನ್ನೋ?

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಮರಾಠಿ ಹುಡುಗ ವೀಗನ್. ಅವನಿಗೆ ಇದೆಲ್ಲ ಹೇಳಿದಾಗ ಬಹಳ ಸಾವಧಾನದಿಂದ ಕೇಳಿ, ‘ಹಾಲೇ ಬಿಟ್ಟರೆ ಮುಗಿಯಿತಲ್ಲ’ ಅಂದ. ಅವನ ಮಾತಿಗೆ ಎದುರು ಹೇಳಲು ನನ್ನಲ್ಲಿ ಏನೂ ಇಲ್ಲ. ಗಾಂಧೀಜಿಯೂ ಅಲ್ಲಿಗೇ ಬಂದಿದ್ದರು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಹಾಲು ಬಿಟ್ಟರು. ಹಸುವಿನಿಂದ ಕೊನೆಯ ಹನಿಯನ್ನೂ ಕಸಿಯಲು ಮಾಡುತ್ತಿದ್ದ ‘ಫೂಕಾ’ ಎಂಬ ಹಿಂಸೆಯ ಸುದ್ದಿ ಅದಕ್ಕೊಂದು ಕಾರಣ. ಮುಂದೆ ಕಾಯಿಲೆಯಿಂದ ನೆಲ ಹಿಡಿದಾಗ, ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಮಾತ್ರ ಎಂಬ ಕಾರಣ ಹಿಡಿದು, ಕಸ್ತೂರಬಾ ಒತ್ತಾಯಕ್ಕೆ ಮೇಕೆ ಹಾಲು ಕುಡಿದರು. ವ್ರತದ ಅಕ್ಷರ ಉಳಿಯಿತು, ಜೀವ ಹೋಯಿತು ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ನೊಂದುಕೊಂಡಿದ್ದಾರೆ. ಅಂಥವರಿಗೇ ಆಗದ್ದು ಎಂದು ನಾನು ತಪ್ಪಿಸಿಕೊಳ್ಳುತ್ತಿಲ್ಲ. ನಾನು ಹಾಲು ಬಿಡಬಹುದು. ಬಿಟ್ಟರೂ ಆಗಸ್ಟ್‌ನಲ್ಲಿ ಐದು ಕರು ಹುಟ್ಟುತ್ತವೆ, ಅವಕ್ಕೆ ಬೆಳಿಗ್ಗೆ ಐದಕ್ಕೆ ಹಸಿವಾಗುತ್ತದೆ. ನನ್ನ ಕೈ ತೊಳೆದುಕೊಳ್ಳುವುದು ಒಂದು ಪ್ರಶ್ನೆ, ಆ ಬಕೆಟ್ಟು ತೊಳೆಯುವುದು ಇನ್ನೊಂದು.

ಅವ್ವನ ‘ತಬ್ಬಲಿ’ ಮಾತ್ರ ಬಾಟಲಿಯ ಲೆಕ್ಕದಲ್ಲಿ ಕರಗಲಿಲ್ಲ. ಎಷ್ಟೇ ಅಳೆದು ಕುಡಿಸಿದರೂ ಕರುವನ್ನು ತಾಯಿಯಿಂದ ಬಿಡಿಸಲೇಬೇಕು. ಯಾವಾಗ? ಹುಟ್ಟಿದ ಕೂಡಲೇ ಬಿಡಿಸಿದರೆ ಹಸು, ಕರು ಎರಡೂ ಅಷ್ಟಾಗಿ ಕೂಗುವುದಿಲ್ಲ. ದಿನ ಕಳೆದಷ್ಟೂ ಅಗಲಿಕೆಯ ಸಂಕಟ ಜೋರಾಗುತ್ತದೆ. ಇದನ್ನು ಅಧ್ಯಯನ ಮಾಡಿ ನೋಡಿದ್ದಾರೆ, ನಮ್ಮ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಇದು ಬೇಗ ಬಿಡಿಸಲು ಒಂದು ಕಾರಣವೇ? ಗುರುತೇ ಆಗದಂತೆ ಮಾಡಿದರೆ ಅಳು ಬರುವುದಿಲ್ಲ ಅನ್ನುವುದು ದಯೆಯೇ? ಹನ್ನೊಂದು ವರ್ಷಕ್ಕೆ ನನ್ನನ್ನು ಹಾಸ್ಟೆಲಿಗೆ ಹಾಕುವಾಗ, ‘ಚಿಕ್ಕವಳಿದ್ದಾಗಲೇ ಹಾಕಿದ್ರೆ ಬೇಗ ಒಗ್ಗಿಕೊಳ್ತಾಳೆ’ ಎಂದು ಮಾವ ಹೇಳಿದ್ದ. ಒಗ್ಗಿಕೊಂಡೆ. ಆ ಮಾತು ಸರಿಯಾಗಿತ್ತು ಎಂದು ಇವತ್ತೂ ಹೇಳಲಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ತಜ್ಞರು 2023ರಲ್ಲಿ ಕರುವನ್ನು ಕನಿಷ್ಠ ಒಂದು ದಿನವಾದರೂ ತಾಯಿಯ ಬಳಿ ಬಿಡಿ, ಬರಬರುತ್ತಾ ಆ ಅವಧಿ ಹೆಚ್ಚಿಸಿ ಎಂದಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಡೇವಿಡ್ ಮತ್ತು ವಿಲ್ಮಾ ಫಿನ್ಲೆ ದಂಪತಿಯ ರೇನ್‌ಟನ್ ಫಾರಂನಲ್ಲಿ ಕರುಗಳು ತಿಂಗಳುಗಟ್ಟಲೆ ತಾಯಿಯ ಜೊತೆಗೇ ಇರುತ್ತಿದ್ದವು, ಮಿಕ್ಕ ಹಾಲಿನಲ್ಲಿ ಚೀಸ್ ಮಾಡಿ ಮಾರುತ್ತಿದ್ದರು. ಅಂಥ ಚೀಸಿಗೆ ಹೆಚ್ಚು ಬೆಲೆ ಕೊಡುವ ಗಿರಾಕಿ ಅವರಿಗಿದ್ದ. ನಮ್ಮ ಡೈರಿಯ ಯಂತ್ರ ಫ್ಯಾಟ್ ಅಳೆಯುತ್ತದೆ, ಕರು ಎಷ್ಟು ದಿನ ತಾಯಿಯ ಬಳಿ ಇತ್ತೆಂದು ಅಳೆಯುವುದಿಲ್ಲ.

ಇಲ್ಲೊಂದು ಸ್ವಂತದ ಮಾತು. ಮಗಳಿಗೆ ಆರು ತಿಂಗಳು ತುಂಬಿದಾಗ ನಾನು ಆಫೀಸಿಗೆ ಮರಳಿದೆ. ಮಧ್ಯಾಹ್ನ ಹನ್ನೆರಡಕ್ಕೆ, ನಾಲ್ಕಕ್ಕೆ ಒಂದು ಸಣ್ಣ ಕೋಣೆಯಲ್ಲಿ ಕೂತು ಪಂಪ್ ಹಚ್ಚಿಕೊಳ್ಳುತ್ತಿದ್ದೆ. ಎಷ್ಟೋ ದಿನ ಹಾಲು ಇಳಿಯುತ್ತಿರಲಿಲ್ಲ. ಆಗ ಅಲ್ಲಿಯ ಸೀನಿಯರ್ ಒಬ್ಬರು, ಮಗುವಿನ ವಿಡಿಯೊ ನೋಡು, ಇಳಿಯುತ್ತದೆ ಅಂದರು. ಮೊಬೈಲಿನಲ್ಲಿ ಮಗಳು ಬಾಯಿ ಚಪ್ಪರಿಸುವ ಹತ್ತು ಸೆಕೆಂಡಿನ ವಿಡಿಯೊ ಹಾಕಿದೆ. ನಿಜಕ್ಕೂ ಇಳಿಯಿತು. ಕರುವಿನ ಬಗ್ಗೆ ಓದುತ್ತಾ ಹುಲ್ಲು ತುಂಬಿದ ಕರುವಿನ ಪ್ರಸಂಗಕ್ಕೆ ಬಂದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ. ಮಗಳು ಚೆನ್ನಾಗಿ ಬೆಳೆದಿದ್ದಾಳೆ. ಬಾಟಲಿಯಿಂದ ಅವಳಿಗೆ ಏನೂ ಕಡಿಮೆಯಾಗಲಿಲ್ಲ ಎಂದೇ ನಂಬಿದ್ದೇನೆ. ಅವಳ ಬಾಟಲಿ ಹಿಡಿದು ಕೂರುತ್ತಿದ್ದ ಆಯಿಗೆ ಆ ಹೊತ್ತು ತನ್ನ ಮನೆಯಲ್ಲಿ ಏನು ಕಡಿಮೆಯಾಗುತ್ತಿತ್ತೆಂದು ನಾನು ಆಗ ಕೇಳಿರಲಿಲ್ಲ.

ಇದನ್ನು ಬರೆದ ಮೇಲೆ ಹೊಳೆಯುತ್ತಿದೆ, ಆ ಪ್ರಶ್ನೆಯನ್ನು ಈ ಸಲವೂ ನಾನು ತಡವಾಗಿಯೇ ಕೇಳಿದೆ. ಜುಲೈ ಕೊನೆಯಲ್ಲಿ ಅಣ್ಣನಿಗೆ ಫೋನ್ ಮಾಡಿ ಬಾಟಲಿಯೇ ಸರಿ, ಗಂಡಿಗೂ ಹೆಣ್ಣಿಗೂ ಒಂದೇ ಅಳತೆ, ದಿನಕ್ಕೆ ಎರಡು ಹೊತ್ತು, ಪ್ರತಿ ಸಲ ಬಿಸಿನೀರಿನಲ್ಲಿ ನಿಪ್ಪಲ್ ತೊಳೆಯಬೇಕು ಎಂದು ತೀರ್ಪು ಕೊಡುತ್ತಿದ್ದೆ. ಸ್ಪೀಕರ್ ಹಾಕಿದ್ದ. ಹಿಂದಿನಿಂದ ಅತ್ತಿಗೆಯ ದನಿ ಬಂತು: ‘ಯಾರು ಹಿಡ್ಕೊಂಡು ನಿಂತ್ಕೊಳ್ಳದು ಅಂತ ಕೇಳಿ.’

ಅವರು ಜಗಳಕ್ಕೆ ಅಂದದ್ದಲ್ಲ. ಲೆಕ್ಕ ಹೇಳಿದರು. ನಾಲ್ಕೂವರೆಗೆ ಏಳುವುದು, ಸಗಣಿ ಬಾಚುವುದು, ಮಷಿನ್ ಹಚ್ಚುವುದು, ಆರೂವರೆಗೆ ಡೈರಿಗೆ ಹಾಲು, ಏಳೂವರೆಗೆ ಇಬ್ಬರು ಮಕ್ಕಳು ಸ್ಕೂಲ್ ಬಸ್ಸಿಗೆ. ಹೊತ್ತಿಗೆ 3 ಲೀಟರ್ ಅಂದರೆ ಎರಡು ಲೀಟರಿನ ಬಾಟಲಿಗೆ ಎರಡು ಸಲ ತುಂಬಿಸಬೇಕು. ಐದು ಕರು, ಒಂದೊಂದಕ್ಕೆ ಏಳೆಂಟು ನಿಮಿಷ, ತೊಳೆಯುವುದು ಬೇರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಆ ಎರಡು ಗಂಟೆಗಳನ್ನು ಎಲ್ಲಿಂದ ತರುವುದು? ನನ್ನ ಎಕ್ಸೆಲ್ ಶೀಟಿನಲ್ಲಿ ಹಾಲಿನ ಬೆಲೆಯಿತ್ತು, ಬಾಟಲಿಯ ಬೆಲೆಯಿತ್ತು, ಈಗ ಕರುವಿನ ಹಸಿವಿಗೂ ಒಂದು ಕಾಲಮ್ ಇತ್ತು. ಅತ್ತಿಗೆ ಇರಲಿಲ್ಲ. ನಾಲ್ಕು ಫೋಟೊ ಬಂದ ದಿನದಿಂದ ಅಣ್ಣ ನನ್ನನ್ನು ಕೇಳಿದ್ದ, ನಾನು ಅವ್ವನನ್ನು, ಆಫೀಸಿನ ಹುಡುಗನನ್ನು, ಇಂಟರ್‌ನೆಟ್ಟನ್ನು ಕೇಳಿದ್ದೆ. ಕರುವಿನ ಬಾಯಿಗೆ ಹಾಲು ಇಡುವ ಒಂದೇ ಒಂದು ಜೋಡಿ ಕೈಯನ್ನು ಯಾರೂ ಕೇಳಿರಲಿಲ್ಲ.

‘ನೀವೇ ಹೇಳಿ ಅತ್ತಿಗೆ’ ಅಂದೆ.

ಅವರು ಆಗಲೇ ಯೋಚಿಸಿಟ್ಟಿದ್ದರು. ಮೂರನೇ ಫೋಟೊದ ಬಕೆಟ್ಟು, ಐದು. ಕೊಟ್ಟಿಗೆಯ ಪಕ್ಕದ ಕಬ್ಬಿಣದ ಪೈಪಿಗೆ ಸಾಲಾಗಿ ತೂಗುಹಾಕುವುದು. ಕರುಗಳನ್ನು ಒಂದೊಂದು ಮಾರು ದೂರಕ್ಕೆ ಕಟ್ಟುವುದು, ಒಂದರದಕ್ಕೆ ಇನ್ನೊಂದು ಬಾಯಿ ಹಾಕದಂತೆ. ಹಿಡಿದು ನಿಲ್ಲಬೇಕಿಲ್ಲ, ಅವು ಚೀಪುತ್ತಿರುವಾಗ ಇವರು ಮಷಿನ್ ತೊಳೆಯಬಹುದು. ಅಳತೆಗೆ ಬಕೆಟ್ಟಿನೊಳಗೆ ಗೆರೆ. ಹುಟ್ಟಿದ ಅರ್ಧ ಗಂಟೆಯಲ್ಲಿ ಗಿಣ್ಣು, ಕಸ ಬೀಳಲಿ ಬೀಳದಿರಲಿ. ‘ಅತ್ತೆ ಜೊತೆ ನಾನು ಮಾತಾಡ್ತೀನಿ, ನೀವು ನಡುವೆ ಬರಬೇಡಿ’ ಅಂದರು. ಮೊದಲ ಮೂರು ದಿನ ಕರು ತಾಯಿಯ ಬಳಿಯೇ. ಅದು ಅವ್ವನಿಗೋಸ್ಕರವೋ ಹಸುವಿಗೋಸ್ಕರವೋ ತಮಗೋಸ್ಕರವೋ ಅವರು ಹೇಳಲಿಲ್ಲ. ಗಂಡುಕರುವಿನ ಹಾಲಿನ ವಿಷಯಕ್ಕೆ ಬಂದಾಗ, ‘ಐದು ಬಕೆಟ್ಟಿದ್ರೆ ಐದೂ ತುಂಬ್ತೀನಿ. ಒಂದನ್ನ ಖಾಲಿ ತೂಗಾಕಕ್ಕೆ ನನ್ ಕೈಲಿ ಆಗಲ್ಲ. ಖರ್ಚಿಂದು ನೀವು ಅಣ್ಣತಂಗಿ ಏನಾದ್ರೂ ಮಾಡ್ಕೊಳಿ’ ಅಂದರು. ನಾವು ಮಾಡಿಕೊಂಡದ್ದು ಇಷ್ಟು: ಅಣ್ಣ ನನ್ನ ದುಡ್ಡು ತೆಗೆದುಕೊಳ್ಳಲಿಲ್ಲ, 6 ಲೀಟರನ್ನು 5ಕ್ಕೆ ಇಳಿಸಿದ, ಐದಕ್ಕೂ. ನಾನು ಚೌಕಾಸಿ ಮಾಡಲಿಲ್ಲ.

ದೀಪಾವಳಿಗೆ ಹೋದಾಗ ಐದೂ ಬಕೆಟ್ಟು ಪೈಪಿನಲ್ಲಿದ್ದವು. ನಾಲ್ಕು ಹೆಣ್ಣು, ಒಂದು ಗಂಡು. ಗಂಡಿಗೆ ಆಗ ಐವತ್ತೆರಡು ದಿನ. ಮೈ ನುಣ್ಣಗೆ ಹೊಳೆಯುತ್ತಿತ್ತು. ಇನ್ನೊಂದು ವಾರಕ್ಕೆ ಹಾಲು ಬಿಡಿಸಬೇಕು. ಆಮೇಲೆ? ಉಳಲು ಎಚ್‌ಎಫ್ ಹೋರಿಯನ್ನು ನಮ್ಮ ಕಡೆ ಯಾರೂ ಒಲ್ಲರು. ಗೋಶಾಲೆ ಅಂದೆ, ಅಲ್ಲಿ ಆಗಲೇ ಜಾಗವಿಲ್ಲ ಅಂದ ಅಣ್ಣ. ಮೇವು ಹಾಕಿ ಎಷ್ಟು ದಿನ ಕಟ್ಟುವುದು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ‘ನೋಡನ’ ಅಂದ. ಅವ್ವ ಅದಕ್ಕೆ ಒಂದು ಹೆಸರಿಟ್ಟಿದ್ದಳು, ಅದೂ ಒಂದು ತೊಂದರೆಯೇ.

ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಗೆ ಹೋದೆ. ಗಂಡುಕರುವಿನ ಬಕೆಟ್ಟಿನ ಕೊಕ್ಕೆ ಕಿತ್ತುಬಂದಿತ್ತು, ಅತ್ತಿಗೆ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ‘ಕೊಡಿ, ನಾನು ಹಿಡೀತೀನಿ’ ಅಂದೆ. ಕೊಟ್ಟು ಮಷಿನ್ ಕಡೆ ಹೋದರು. ಹಾಲು ಬರುವುದು ತಡವಾಯಿತೆಂದು ಕರು ತಲೆಯಿಂದ ಒಮ್ಮೆ ಜೋರಾಗಿ ಗುಮ್ಮಿತು. ಬಕೆಟ್ಟಿನ ಅಂಚು ಮಣಿಕಟ್ಟಿಗೆ ಬಡಿದು ಅರ್ಧ ಲೀಟರ್ ಹಾಲು ನನ್ನ ಚೂಡಿದಾರದ ಮೇಲೆ ಚೆಲ್ಲಿತು.

‘ಎರಡೂ ಕೈಲಿ ಹಿಡ್ಕೊಳಿ’ ಎಂದು ಅತ್ತಿಗೆ ಆ ಕಡೆಯಿಂದ ಕೂಗಿದರು. ‘ಚೆಲ್ಲಿದ್ದು ಎಷ್ಟು ಅಂತ ನೋಡ್ಕೊಂಡು ಅಷ್ಟು ಹಾಕ್ಬಿಡಿ ಮತ್ತೆ.’